ಶಿಕಾರಿ ಬ್ಯಾಗಿನ ನಾತ ನಾಲ್ಕು ತಿಂಗಳಾದರೂ ಹೋಗುತ್ತಿಲ್ಲ, ಯಾರಿಗಾದರೂ ಉಪಾಯ ಗೊತ್ತೇ?

ಮಂಜುಗಡ್ಡೆಕೆರೆ
ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು, ಏಳು ವರ್ಷದಿಂದ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಬಂದೂಕಿನ ಜಿಂಕೆ ಬೇಟೆ ಶುರುವಾಗಿ ಒಂಬತ್ತು ದಿನ ನಡೆಯುತ್ತದೆ. ಆ ವಾರ ನಮ್ಮ ಕಚೇರಿಯಲ್ಲಿ ಅರ್ಧ ಕುರ್ಚಿಗಳು ಖಾಲಿ. ಕಳೆದ ನವೆಂಬರಿನಲ್ಲಿ ನಾನೂ ತರಬೇತಿ ಮುಗಿಸಿ, ಪರವಾನಗಿ ಪಡೆದು, ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಸಹೋದ್ಯೋಗಿಯ ಜೊತೆ ಹೋದೆ. ಮೊದಲ ಸಲಕ್ಕೇ ಒಂದು ಹೆಣ್ಣು ಜಿಂಕೆ ಸಿಕ್ಕಿತು.

ತೊಂದರೆ ಜಿಂಕೆಯದಲ್ಲ, ಬ್ಯಾಗಿನದು. ಯಾರದೋ ಮನೆಯ ಹಳೆ ಸಾಮಾನು ಮಾರಾಟದಲ್ಲಿ 25 ಡಾಲರಿಗೆ ಸಿಕ್ಕ ದೊಡ್ಡ ಬೇಟೆ ಬೆನ್ನುಚೀಲ. ಸೊಂಟಪಟ್ಟಿ, ಬಂದೂಕು ಸಿಕ್ಕಿಸುವ ಜಾಗ, ಹದಿನಾಲ್ಕು ಜೇಬು. ಮಾಂಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರಲ್ಲಿ ಹೊತ್ತು ತಂದೆ. ಕವರು ಸೋರಿತ್ತು. ಸುಸ್ತಾಗಿ ಬ್ಯಾಗನ್ನು ಎರಡು ದಿನ ಕಾರಿನ ಡಿಕ್ಕಿಯಲ್ಲೇ ಬಿಟ್ಟೆ. ಅದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ಇಲ್ಲಿಯವರೆಗೆ ಮಾಡಿದ್ದು: ವಾಷಿಂಗ್ ಮಷಿನ್‌ಗೆ ಹಾಕಿ ಬಿಸಿನೀರಿನಲ್ಲಿ ಎರಡು ಸಲ ಒಗೆದೆ. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಸುರಿದೆ, ನೊರೆ ಚೆನ್ನಾಗಿ ಬಂತು. ಕಾಫಿ ಪುಡಿ ತುಂಬಿಸಿ ಒಂದು ವಾರ ಇಟ್ಟೆ. ಯಾರೋ ಹೇಳಿದರೆಂದು ಫ್ರೀಝರಿನಲ್ಲೂ ಇಟ್ಟೆ. ಮೂರು ದಿನ ವಾಸನೆ ಇರುವುದಿಲ್ಲ, ಗ್ಯಾರೇಜು ಸ್ವಲ್ಪ ಬೆಚ್ಚಗಾದರೆ ಮತ್ತೆ ಹಾಜರು. ಹೆಂಡತಿ ಈಗ ಬ್ಯಾಗನ್ನು ಹಿತ್ತಲಿನ ಮರಕ್ಕೆ ನೇತು ಹಾಕಿದ್ದಾಳೆ. ಪಕ್ಕದ ಮನೆಯ ನಾಯಿ ಬೆಳಗಿನಿಂದ ಸಂಜೆಯವರೆಗೆ ಅದರ ಕೆಳಗೇ ಕುಳಿತಿರುತ್ತದೆ. ಏನು ಮಾಡಲಿ?

ಮಿರ್ಚಿಗಿರ್ಮಿಟ್
ಬಿಸಾಡಿ. 25 ಡಾಲರಿನ ಬ್ಯಾಗಿಗೆ ಇಷ್ಟರಲ್ಲಿ 50 ಡಾಲರಿನ ವಿನೆಗರ್ ಕುಡಿಸಿದ್ದೀರಿ.

ಬಂಗುಡೆಸಾರು
ಬಿಸಾಡಬೇಡಿ. ನನ್ನ ಅನುಭವ ಕೇಳಿ. ಕುಂದಾಪುರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬರುವಾಗ ಅಮ್ಮ ಕಟ್ಟಿಕೊಟ್ಟ ಒಣ ಸಿಗಡಿಯ ಪೊಟ್ಟಣ ಬ್ಯಾಗಿನೊಳಗೆ ಒಡೆದು ಹೋಗಿತ್ತು. ಮೇಲಿನಿಂದ ಯಾರದೋ ನೀರಿನ ಬಾಟಲಿಯೂ ಸೋರಿತು. ಬೆಳಿಗ್ಗೆ ಇಳಿಯುವಾಗ ಕಂಡಕ್ಟರ್ ನನ್ನ ಮುಖವನ್ನೇ ನೋಡಲಿಲ್ಲ. ಆಮೇಲೆ ಹುಣಸೆಹಣ್ಣು ನೆನೆಸಿದ ನೀರಿನಲ್ಲಿ ಬ್ಯಾಗನ್ನು ಒಂದು ರಾತ್ರಿ ಮುಳುಗಿಸಿ ಇಟ್ಟೆ, ಮಾರನೆಯ ದಿನ ಸೋಪು ಹಾಕಿ ತೊಳೆದೆ. ವಾಸನೆ ಸಂಪೂರ್ಣ ಹೋಯಿತು. ಮೀನು ತೊಳೆಯುವಾಗ ಹುಣಸೆಹುಳಿ ಹಾಕುವುದಿಲ್ಲವೇ, ಅದೇ ಲೆಕ್ಕ.

ಮಂಜುಗಡ್ಡೆಕೆರೆ
ಹುಣಸೆಹಣ್ಣು ಇಲ್ಲಿ ಭಾರತೀಯ ಅಂಗಡಿಯಲ್ಲಿ ಸಿಗುತ್ತದೆ. ಆದರೆ ವಿನೆಗರ್ ಕೂಡ ಹುಳಿಯೇ ಅಲ್ಲವೇ? ಅದು ಏಕೆ ಕೆಲಸ ಮಾಡಲಿಲ್ಲ?

ರಸಾಯನಮೇಷ್ಟ್ರು
ಏಕೆಂದರೆ ನೀವು ವಿನೆಗರ್ ಮತ್ತು ಸೋಡಾ ಎರಡನ್ನೂ ಒಟ್ಟಿಗೆ ಹಾಕಿದ್ದೀರಿ. ಮೂವತ್ತು ವರ್ಷ ಪಾಠ ಮಾಡಿದವನು ಇದನ್ನು ಓದಿ ಸುಮ್ಮನಿರಲಾರೆ. ಒಂದು ಆಮ್ಲ, ಇನ್ನೊಂದು ಕ್ಷಾರ. ಬೆರೆತ ಕೂಡಲೇ ಒಂದನ್ನೊಂದು ಕೊಂದುಕೊಂಡು ಉಪ್ಪು, ನೀರು, ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಆ ನೊರೆ ಕಣ್ಣಿಗೆ ಹಬ್ಬ, ಕೊಳೆಗೆ ಏನೂ ಇಲ್ಲ. ನೀವು ಬ್ಯಾಗಿಗೆ ಹಾಕಿದ್ದು ಹೆಚ್ಚೂಕಡಿಮೆ ಉಪ್ಪುನೀರು.

ಎರಡನೆಯ ತಪ್ಪು ಬಿಸಿನೀರು. ರಕ್ತದಲ್ಲಿರುವುದು ಪ್ರೋಟೀನ್. ಮೊಟ್ಟೆ ಬೇಯಿಸಿದರೆ ಗಟ್ಟಿಯಾಗುವ ಹಾಗೆ ಬಿಸಿನೀರಿಗೆ ರಕ್ತ ನೂಲಿನೊಳಗೆ ಹೆಪ್ಪುಗಟ್ಟಿ ಕೂರುತ್ತದೆ. ರಕ್ತಕ್ಕೆ ಯಾವಾಗಲೂ ತಣ್ಣೀರು.

ಇನ್ನು ಫ್ರೀಝರ್. ಚಳಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿದ್ದೆ ಮಾಡುತ್ತವೆ. ಹೊರಗೆ ತೆಗೆದರೆ ಏಳುತ್ತವೆ.

ಈಗ ಮುಖ್ಯ ಪ್ರಶ್ನೆ. ನೀವು ಇಷ್ಟು ಉದ್ದ ಬರೆದಿದ್ದೀರಿ, ಆದರೆ ಅದು ಎಂಥ ವಾಸನೆ ಎಂದು ಒಂದು ಕಡೆಯೂ ಹೇಳಿಲ್ಲ. "ನಾತ" ಎಂದರೆ ನನಗೆ ಏನು ತಿಳಿಯಬೇಕು? ನಮ್ಮ ಅಜ್ಜಿಯರಿಗೆ ಒಂದೊಂದಕ್ಕೂ ಒಂದೊಂದು ಹೆಸರಿತ್ತು. ಹಳೆ ಎಣ್ಣೆ, ಕೆಟ್ಟ ಕೊಬ್ಬಿನದು ಕಮಟು. ಒದ್ದೆ ಬಟ್ಟೆ ಒಣಗದೆ ಬಂದದ್ದು ಮುಗ್ಗಲು. ಹಸಿ ಮೀನು, ಹಸಿ ಮಾಂಸದ್ದು ನೀಚು. ಕೆಟ್ಟ ಅನ್ನದ್ದು ಹಳಸಲು. ಮೂಗಿಗೆ ಚುಚ್ಚುವುದು ಘಾಟು. ಮದ್ದು ಇದರ ಮೇಲೆಯೇ ನಿಂತಿದೆ. ಕಮಟಾದರೆ ಕೊಬ್ಬು ಒಡೆದು ಆಮ್ಲವಾಗಿದೆ, ಅಲ್ಲಿ ಸೋಡಾ ಮತ್ತು ಪಾತ್ರೆ ತೊಳೆಯುವ ಸೋಪು ಬೇಕು. ನೀಚಾದರೆ ಅದು ಕ್ಷಾರದ ಕಡೆಯದು, ಮೀನಿಗೆ ನಾತ ಕೊಡುವ ಟ್ರೈಮೀಥೈಲಮೀನ್ ಜಾತಿಯದು, ಅದಕ್ಕೆ ಹುಳಿ ಬೇಕು. ಬಂಗುಡೆಸಾರು ಅವರ ಹುಣಸೆಹಣ್ಣು ಗೆದ್ದದ್ದು ಅದಕ್ಕೇ. ಮುಗ್ಗಲಾದರೆ ಬೂಷ್ಟು ಬಂದಿದೆ, ಮೊದಲು ಒಣಗಬೇಕು.

ಮೂಸಿ ನೋಡಿ ಹೇಳಿ.

ಬಂಗುಡೆಸಾರು
ಮೇಷ್ಟ್ರೇ, ನಾನು ಇಷ್ಟು ವರ್ಷ ಹುಣಸೆಹಣ್ಣಿಗೆ ದೇವರ ಮಹಿಮೆ ಎಂದುಕೊಂಡಿದ್ದೆ.

ಕಾಡುನೆಂಟ
ಒಂದು ಮೂಕ ಪ್ರಾಣಿಯನ್ನು ಕೊಂದು, ಅದರ ರಕ್ತದ ವಾಸನೆ ಹೋಗುತ್ತಿಲ್ಲ ಎಂದು ಇಲ್ಲಿ ಅಳುತ್ತಿದ್ದೀರಿ. ಹೋಗಬಾರದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ಅಪರಾಧ ಎಂಬುದು ನೆನಪಿರಲಿ.

ಮಂಜುಗಡ್ಡೆಕೆರೆ
ನಿಮ್ಮ ಬೇಸರ ಅರ್ಥವಾಗುತ್ತದೆ ಸರ್. ಸಾಗರದಲ್ಲಿದ್ದಾಗ ನಾನೂ ಹೀಗೇ ಮಾತನಾಡುತ್ತಿದ್ದೆ. ಇಲ್ಲಿ ಜಿಂಕೆಗಳು ರಸ್ತೆಗೆ ಬಂದು ಕಾರಿಗೆ ಸಿಕ್ಕಿ ಸಾಯುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಯಾವ ಭಾಗದಲ್ಲಿ ಎಷ್ಟು ಹೊಡೆಯಬಹುದು ಎಂದು ಸರ್ಕಾರವೇ ಲೆಕ್ಕ ಹಾಕಿ ಪರವಾನಗಿ ಕೊಡುತ್ತದೆ. ಆ ಮಾಂಸವನ್ನು ನಾವು ಚಳಿಗಾಲವೆಲ್ಲ ತಿಂದಿದ್ದೇವೆ, ಒಂದು ತುಂಡೂ ಬಿಸಾಡಿಲ್ಲ.

ಕಾಡುನೆಂಟ
ತೋಳಗಳನ್ನು ಮೊದಲು ಕೊಂದವರು ಯಾರು? ಆಮೇಲೆ ಜಿಂಕೆ ಹೆಚ್ಚಾದವು ಎಂದು ಬಂದೂಕು ಹಿಡಿಯುವುದು.

ಮಿರ್ಚಿಗಿರ್ಮಿಟ್
ಈ ವಾದ ಮುಗಿಯುವಷ್ಟರಲ್ಲಿ ಬ್ಯಾಗು ತಾನೇ ಮಣ್ಣಾಗಿ ಹೋಗುತ್ತದೆ.

ನಿರ್ವಾಹಕ
ಕಾಡುನೆಂಟ ಅವರ ಪ್ರಶ್ನೆ ಒಳ್ಳೆಯದೇ, ಆದರೆ ಜಾಗ ಇದಲ್ಲ. ವನ್ಯಜೀವಿ ವಿಭಾಗದಲ್ಲಿ ಹೊಸ ಎಳೆ ತೆರೆಯಿರಿ, ನಾನೇ ಬಂದು ಓದುತ್ತೇನೆ. ಇಲ್ಲಿ ವಾಸನೆಯ ಬಗ್ಗೆ ಮಾತ್ರ.

ಬೆಟ್ಟಬಿದ್ದವ
ಎಲ್ಲರೂ ರಕ್ತ, ರಕ್ತ ಎನ್ನುತ್ತಿದ್ದೀರಿ. ನನಗೆ ಅನುಮಾನ ಬೇರೆಯೇ ಇದೆ. ಬ್ಯಾಗು ಎಷ್ಟು ಹಳೆಯದು?

ಹೇಳುತ್ತೇನೆ ಕೇಳಿ. ನನ್ನ ಬಳಿ ಚಾರಣದ ಒಂದು ದೊಡ್ಡ ಬ್ಯಾಗಿತ್ತು, ಹದಿನೈದು ವರ್ಷದ್ದು. ಕುಮಾರ ಪರ್ವತ, ಕೊಡಚಾದ್ರಿ, ಕುದುರೆಮುಖ ಎಲ್ಲ ಸುತ್ತಿದೆ. ಕೊರೊನಾ ಕಾಲದಲ್ಲಿ ಎರಡು ಮಳೆಗಾಲ ಅಟ್ಟದ ಮೇಲೆ ಬಿದ್ದಿತ್ತು. ಇಳಿಸಿ ಝಿಪ್ ಎಳೆದರೆ, ಊಟದ ಹೊತ್ತಿನಲ್ಲಿ ಓದುತ್ತಿರುವವರು ಕ್ಷಮಿಸಿ, ಮಗು ವಾಂತಿ ಮಾಡಿದ ವಾಸನೆ. ಇಲಿ ಸತ್ತಿದೆ ಎಂದುಕೊಂಡೆ. ಒಗೆದೆ, ಬಿಸಿಲಿಗೆ ಹಾಕಿದೆ, ಸಾಂಬ್ರಾಣಿ ಹೊಗೆ ಕೊಟ್ಟೆ. ಜಗ್ಗಲಿಲ್ಲ. ಕೊನೆಗೆ ಗೊತ್ತಾಯಿತು, ಕೊಳೆಯೇ ಇರಲಿಲ್ಲ. ವಾಸನೆ ಬರುತ್ತಿದ್ದದ್ದು ಬಟ್ಟೆಯಿಂದಲೇ!

ಈ ಬ್ಯಾಗುಗಳ ಒಳಮೈಗೆ ನೀರು ಇಳಿಯದಂತೆ ಪಾಲಿಯುರೆಥೇನ್ ಲೇಪ ಹಚ್ಚಿರುತ್ತಾರೆ. ತೇವಾಂಶ ತಾಗುತ್ತಾ ತಾಗುತ್ತಾ ಆ ಲೇಪವೇ ಒಡೆಯುತ್ತದೆ. ಮೊದಲು ಅಂಟಂಟು, ಆಮೇಲೆ ಹೊಟ್ಟಿನ ಹಾಗೆ ಉದುರುವುದು, ಜೊತೆಗೆ ಆ ವಾಂತಿ ವಾಸನೆ. ಮಲೆನಾಡಿನ ಮಳೆಯಲ್ಲಿ ಬಳಸಿ ಅಟ್ಟಕ್ಕೆ ಹಾಕಿದ ಯಾವ ಹಳೆಯ ಬ್ಯಾಗಿಗಾದರೂ ಇದು ಬರಬಹುದು. ಸೋಪಿನಿಂದ ಹೋಗುವುದಿಲ್ಲ, ಲೇಪವನ್ನೇ ಕೆರೆದು ತೆಗೆಯಬೇಕು.

ಪರೀಕ್ಷೆ ಸುಲಭ. ಒಳಗಿನ ಬಟ್ಟೆಯನ್ನು ಮಡಚಿ ಬೆರಳಿನಿಂದ ಒತ್ತಿ ಹಿಡಿದು ಬಿಡಿ. ಬಟ್ಟೆಗೆ ಬಟ್ಟೆ ಅಂಟಿದರೆ ಅಥವಾ ಉಗುರಿಗೆ ಬಿಳಿ ಹೊಟ್ಟು ಬಂದರೆ ಅದೇ ಕಾಯಿಲೆ.

ಸೋಮವಾರಪೇಟೆಕಾಫಿ
ಅಯ್ಯೋ, ನನ್ನ ಮಗನ ಕಾಲೇಜು ಬ್ಯಾಗು! ಈಗ ಗೊತ್ತಾಯಿತು. ನಾನು ಅವನನ್ನು ಎಷ್ಟು ಬೈದಿದ್ದೇನೆ, ಹಾಲು ಚೆಲ್ಲಿದ್ದೀಯ ಎಂದು. ಅವನು ಇಲ್ಲ ಅಮ್ಮ, ಇಲ್ಲ ಅಮ್ಮ ಎನ್ನುತ್ತಲೇ ಇದ್ದ. ಲೇಪ ಕೆರೆಯುವುದು ಹೇಗೆ ಸ್ವಲ್ಪ ಹೇಳಿ.

ಬೆಟ್ಟಬಿದ್ದವ
ಅಕ್ಕ, ಬ್ಯಾಗನ್ನು ಒಳಹೊರಗು ಮಾಡಿ, ಉಗುರುಬೆಚ್ಚಗಿನ ನೀರಿಗೆ ಬಟ್ಟೆ ಸೋಪು ಹಾಕಿ ಒಂದೆರಡು ಗಂಟೆ ನೆನೆಸಿ. ಆಮೇಲೆ ಪಾತ್ರೆ ಉಜ್ಜುವ ಒರಟು ಹಾಳೆಯಿಂದ ತಿಕ್ಕಿದರೆ ಲೇಪ ಬಿಳಿ ಬಿಳಿಯಾಗಿ ಎದ್ದು ಬರುತ್ತದೆ. ಮೊಂಡು ಜಾಗಕ್ಕೆ ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ತಾಗಿಸಿ ಒರೆಸಿ. ಕಿಟಕಿ ತೆರೆದಿರಲಿ, ಒಲೆ ದೂರ ಇರಲಿ. ನಂತರ ಬ್ಯಾಗಿಗೆ ಮಳೆ ತಡೆಯುವ ಶಕ್ತಿ ಇರುವುದಿಲ್ಲ, ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಳಸಬೇಕು. ಮಗನಿಗೆ ಒಂದು ಸಾರಿ ಹೇಳಿಬಿಡಿ, ಅದೂ ಆಗಬೇಕಾದ ಕೆಲಸವೇ.

ಹೊಲಿಗೆಯಂತ್ರ
ನಾನು ಬೆಂಗಳೂರಿನಲ್ಲಿ ಬ್ಯಾಗು ರಿಪೇರಿ ಮಾಡುವವನು. ಬೆಟ್ಟಬಿದ್ದವ ಅವರು ಹೇಳಿದ್ದು ನಿಜ, ತಿಂಗಳಿಗೆ ನಾಲ್ಕೈದು ಅಂಥ ಬ್ಯಾಗುಗಳು ನನ್ನ ಬಳಿಗೆ ಬರುತ್ತವೆ. ಆದರೆ ಈ ವಿಸ್ಕಾನ್ಸಿನ್ ಬ್ಯಾಗಿನ ಬಗ್ಗೆ ನನಗೆ ಬೇರೆ ಅನುಮಾನ.

ದೊಡ್ಡ ಬ್ಯಾಗು ಬಟ್ಟೆ ಮಾತ್ರ ಅಲ್ಲ. ಬೆನ್ನಿಗೆ ತಾಗುವ ಜಾಗದಲ್ಲಿ ಎರಡು ಬೆರಳು ದಪ್ಪ ಸ್ಪಂಜು, ಹೆಗಲಪಟ್ಟಿಯಲ್ಲಿ ಸ್ಪಂಜು, ಸೊಂಟಪಟ್ಟಿಯಲ್ಲಿ ಸ್ಪಂಜು. ಒಳಗೆ ಚೆಲ್ಲಿದ್ದು ಹೊಲಿಗೆಯ ತೂತಿನಿಂದ ಇಳಿದು ಸ್ಪಂಜಿಗೆ ಹೋಗಿ ಕೂರುತ್ತದೆ. ನೀವು ಮೇಲಿನಿಂದ ಎಷ್ಟು ಒಗೆದರೂ ಸೋಪಿನ ನೀರು ಅಲ್ಲಿಗೆ ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ. ಒಂದು ವೇಳೆ ಹೋದರೂ ಹೊರಗೆ ಬರುವುದಿಲ್ಲ. ಸ್ಪಂಜನ್ನು ಹಿಂಡುವವರು ಯಾರು? ಮೇಲಿನ ಬಟ್ಟೆ ಒಣಗಿದ ಮೇಲೂ ಒಳಗೆ ಮೂರು ದಿನ ಒದ್ದೆ ಇರುತ್ತದೆ. ನಿಮ್ಮ "ಮೂರು ದಿನ ವಾಸನೆ ಇರುವುದಿಲ್ಲ" ಎಂಬ ಲೆಕ್ಕ ಅಲ್ಲಿಂದ ಬಂದಿರಬಹುದು.

ದಯವಿಟ್ಟು ಮಷಿನ್‌ಗೆ ಹಾಕಬೇಡಿ. ನೀರು ನಿಲ್ಲುವ ಬಟ್ಟೆ, ತಿರುಗುವಾಗ ಕೊಡಪಾನದ ಹಾಗೆ ನೀರು ತುಂಬಿಕೊಂಡು ಮಷಿನ್ ಗಡಗಡ ಅಲುಗುತ್ತದೆ, ಬಕಲ್ ಒಡೆಯುತ್ತದೆ. ಬಚ್ಚಲಿನಲ್ಲಿ ಹಾಕಿ ಕಾಲಿನಿಂದ ತುಳಿಯಿರಿ, ಕಂಬಳಿ ತುಳಿದ ಹಾಗೆ. ತುಳಿದರೆ ಮಾತ್ರ ಸ್ಪಂಜಿನ ನೀರು ಬದಲಾಗುತ್ತದೆ. ಕಂದು ನೀರು ನಿಲ್ಲುವವರೆಗೆ ತುಳಿಯಿರಿ. ಒಣಗಿಸುವಾಗ ತಲೆಕೆಳಗಾಗಿ, ಎಲ್ಲ ಝಿಪ್ ತೆರೆದು, ನೆರಳಿನಲ್ಲಿ, ಫ್ಯಾನಿನ ಗಾಳಿಗೆ. ಖಡಕ್ ಬಿಸಿಲಿಗೆ ತಿಂಗಳುಗಟ್ಟಲೆ ಇಟ್ಟರೆ ನೈಲಾನ್ ಸಾಯುತ್ತದೆ.

ಮಿರ್ಚಿಗಿರ್ಮಿಟ್
ನಮ್ಮ ಹುಬ್ಬಳ್ಳಿಯ ಬಿಸಿಲಿಗೆ ಒಂದು ದಿನ ಇಟ್ಟರೆ ಸಾಕು. ವಾಸನೆ, ಬ್ಯಾಗು, ಬಣ್ಣ ಮೂರೂ ಇರುವುದಿಲ್ಲ.

ಸೋಮವಾರಪೇಟೆಕಾಫಿ
ಶಿಕಾರಿ ಚೀಲ ಎಂದಾಗ ನಮ್ಮ ಅಜ್ಜನದು ನೆನಪಾಯಿತು. ಕೊಡಗಿನ ಹಳೆಯ ಮನೆಗಳಲ್ಲಿ ಒಂದಾದರೂ ಇರುತ್ತದೆ, ಚರ್ಮದ್ದು, ತೋಟಾ ಇಡುವ ಸಾಲುಸಾಲು ಕುಣಿಕೆಗಳಿರುವಂಥದ್ದು. ಅಜ್ಜ 1972ರ ಕಾಯಿದೆ ಬಂದ ಮೇಲೆ ಮೊಳೆಗೆ ನೇತು ಹಾಕಿದ್ದು, ಮತ್ತೆ ತೆಗೆಯಲೇ ಇಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಜೊತೆ ಅದನ್ನೂ ಕೆಳಗಿಳಿಸಿ ಒರೆಸುತ್ತೇವೆ. ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ. ಈಗ ಗುರಿ ಹೊಡೆಯುವುದು ಮರದ ಮೇಲಿನ ತೆಂಗಿನಕಾಯಿಗೆ, ಯಾವ ಪ್ರಾಣಿಗೂ ಅಲ್ಲ. ಕಾಡುನೆಂಟ ಅವರು ಗಮನಿಸಬೇಕು!

ಆ ಚೀಲದ ವಾಸನೆಯನ್ನು ಮಾತ್ರ ನಾವು ಹೋಗಿಸುವುದಿಲ್ಲ. ಕೋವಿಯ ಮದ್ದು, ಬೀಡಿ, ಹೊಗೆ ಅಟ್ಟದ ಮಸಿ, ಚರ್ಮ. ಮೂಗಿಟ್ಟರೆ ಅಜ್ಜ ಬಂದ ಹಾಗಾಗುತ್ತದೆ. ಬೂಷ್ಟು ಬಂದರೆ ಮಾತ್ರ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಹಿಂಡಿ ಒರೆಸುತ್ತೇವೆ, ಒಲೆಯ ಹತ್ತಿರವಲ್ಲ ಜಗಲಿಯಲ್ಲಿ ಆರಿಸುತ್ತೇವೆ. ಚರ್ಮವನ್ನು ನೀರಿಗೆ ಮುಳುಗಿಸಿದರೆ ಕಥೆ ಮುಗಿಯಿತು, ಹಪ್ಪಳವಾಗುತ್ತದೆ.

ಬಂಗುಡೆಸಾರು
ವಿನೆಗರ್ ಏಕೆ ಅಕ್ಕ, ನಿಮ್ಮಲ್ಲಿ ಕಾಚಂಪುಳಿ ಇದೆಯಲ್ಲ?

ಸೋಮವಾರಪೇಟೆಕಾಫಿ
ಕಾಚಂಪುಳಿಯನ್ನು ಚೀಲಕ್ಕೆ ಸುರಿಯುವುದೇ? ಒಂದು ಬಾಟಲಿಯ ಬೆಲೆ ಗೊತ್ತೇ ನಿಮಗೆ? ಮಣಗಟ್ಟಲೆ ಹಣ್ಣು ಹಿಂಡಿ, ಕಾಯಿಸಿ ಕಾಯಿಸಿ ಕರಿ ಮಾಡಿದ್ದು. ಅದು ಪಂದಿ ಕರಿಗೆ. ಇಂಥ ಸಲಹೆ ಕೊಟ್ಟದ್ದಕ್ಕೆ ನಿಮ್ಮನ್ನು ಕ್ಷಮಿಸಲು ನನಗೆ ಒಂದು ವಾರ ಬೇಕು.

ಮಂಜುಗಡ್ಡೆಕೆರೆ
ಎಲ್ಲರಿಗೂ ಧನ್ಯವಾದ. ಇವತ್ತು ಭಾನುವಾರ, ಬ್ಯಾಗನ್ನು ಇಳಿಸಿ ಕೂತೆ.

ಬೆಟ್ಟಬಿದ್ದವ ಅವರ ಪರೀಕ್ಷೆ ಮಾಡಿದೆ. ಒಳಬಟ್ಟೆ ಅಂಟಲಿಲ್ಲ, ಹೊಟ್ಟೂ ಬರಲಿಲ್ಲ. ಲೇಪ ಗಟ್ಟಿಯಾಗಿದೆ.

ಹೊಲಿಗೆಯಂತ್ರ ಅವರು ಹೇಳಿದಂತೆ ಸ್ನಾನದ ತೊಟ್ಟಿಗೆ ತಣ್ಣೀರು ಬಿಟ್ಟು ಪ್ಯಾಂಟು ಮಡಚಿ ತುಳಿದೆ. ಮೊದಲ ನೀರು ಚಹಾದ ಬಣ್ಣ, ಎರಡನೆಯದು ಸ್ವಲ್ಪ ತಿಳಿ, ನಾಲ್ಕನೆಯದು ಸ್ವಚ್ಛ. ರಕ್ತ ಹೋಯಿತು ಎಂದು ನನಗೆ ಖಾತ್ರಿಯಿದೆ. ಆಮೇಲೆ ಮೂಸಿದೆ. ವಾಸನೆ ಇದೆ!

ಮೇಷ್ಟ್ರೇ, ನೀವು ಕೇಳಿದ ಪ್ರಶ್ನೆಗೆ ಉತ್ತರ. ಕಮಟಲ್ಲ. ಮುಗ್ಗಲಲ್ಲ. ಮಾಂಸದ ನೀಚೂ ಅಲ್ಲ, ಅದೇ ನನಗೆ ಆಶ್ಚರ್ಯ. ಹಬ್ಬದ ಸಂತೆಯಲ್ಲಿ ಹೋತ ಕಟ್ಟಿದ ಗೂಟದ ಹತ್ತಿರ ನಿಂತರೆ ಬರುತ್ತದಲ್ಲ, ಅದು. ಉಚ್ಚೆ ಮತ್ತು ಜಿಡ್ಡು ಎರಡೂ ಸೇರಿದ ಘಾಟು.

ರಸಾಯನಮೇಷ್ಟ್ರು
ಹೋತ! ಹಾಗಾದರೆ ಇದು ರಕ್ತದ ವಾಸನೆಯಲ್ಲವೇ ಅಲ್ಲ. ನೀವು ಹೊಡೆದದ್ದು ಹೆಣ್ಣು ಜಿಂಕೆ ಎಂದಿರಿ. ಅದರಿಂದ ಈ ವಾಸನೆ ಹೇಗೆ ಬಂತು?

ಬೆಟ್ಟಬಿದ್ದವ
ಕೆಲವೊಮ್ಮೆ ಲೇಪ ಒಡೆಯುವ ಮೊದಲ ಹಂತದಲ್ಲಿ ಅಂಟು ಇರುವುದಿಲ್ಲ. ನಾನು ಇನ್ನೂ ಲೇಪವೇ ಎನ್ನುತ್ತೇನೆ.

ಹೊಲಿಗೆಯಂತ್ರ
ಅಣ್ಣಾ, ಸುತ್ತಿಗೆ ಹಿಡಿದವನಿಗೆ ಎಲ್ಲವೂ ಮೊಳೆಯೇ. ಬಿಡಿ.

ಅಲೆಘೆನಿಗೌಡ
ನಾನು ಮಂಡ್ಯದವನು, ಪೆನ್ಸಿಲ್ವೇನಿಯಾದಲ್ಲಿ ಹನ್ನೆರಡು ವರ್ಷದಿಂದ ಜಿಂಕೆ ಬೇಟೆಗೆ ಹೋಗುತ್ತೇನೆ. ಎಲ್ಲವನ್ನೂ ಓದಿದೆ. ಒಂದೇ ಪ್ರಶ್ನೆ. ಪಕ್ಕದ ಮನೆಯ ನಾಯಿ ಬ್ಯಾಗಿನ ಯಾವ ಭಾಗವನ್ನು ಮೂಸುತ್ತದೆ?

ಮಂಜುಗಡ್ಡೆಕೆರೆ
ಕೆಳಗೆ. ತಳದ ಹತ್ತಿರ. ಎತ್ತರಕ್ಕೆ ಸಿಗುವುದಿಲ್ಲವಾದ್ದರಿಂದ ಹಾಗೆ ಎಂದುಕೊಂಡಿದ್ದೆ.

ಅಲೆಘೆನಿಗೌಡ
ಬ್ಯಾಗನ್ನು ನೆಲದ ಮೇಲೆ ಅಡ್ಡ ಮಲಗಿಸಿ ನಾಯಿಯನ್ನು ಕರೆಯಿರಿ. ಆಮೇಲೆ ಬರೆಯಿರಿ. ತಳದಲ್ಲಿ ಮಳೆಕವಚ ಇಡುವ ಗುಟ್ಟಿನ ಜೇಬು ಇರುತ್ತದೆ, ಹದಿನಾಲ್ಕು ಜೇಬು ಎಣಿಸುವಾಗ ಅದನ್ನು ಎಣಿಸಿದ್ದೀರೋ ಇಲ್ಲವೋ ಅದನ್ನೂ ಹೇಳಿ.

ಮಿರ್ಚಿಗಿರ್ಮಿಟ್
ನಾನು ಚಹಾ ಮಾಡಿಕೊಂಡು ಬರುತ್ತೇನೆ, ಯಾರೂ ಮುಂದೆ ಹೋಗಬೇಡಿ.

ಮಂಜುಗಡ್ಡೆಕೆರೆ
ಹದಿನೈದನೆಯ ಜೇಬು ಇದೆ.

ನಾಯಿ ಸುತ್ತಲೂ ಒಂದು ಸಲ ಬಂದು ನೇರವಾಗಿ ತಳದ ಹೊಲಿಗೆಗೆ ಮೂಗು ಒತ್ತಿ ನಿಂತಿತು, ಎಳೆದರೂ ಬರಲಿಲ್ಲ. ಅಲ್ಲಿ ಬಟ್ಟೆಯ ಮಡಿಕೆಯ ಕೆಳಗೆ ಒಂದು ಸಣ್ಣ ಝಿಪ್. ತುಕ್ಕು ಹಿಡಿದಿತ್ತು, ಇಕ್ಕಳದಿಂದ ಎಳೆದೆ. ಒಳಗೆ ಮಳೆಕವಚ. ಅದರ ಮಡಿಕೆಯಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣ, ಅದರ ಬಾಯಿ ತೆರೆದಿತ್ತು. ಪೊಟ್ಟಣದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದಾದ, ಕಪ್ಪು ಕೂದಲಿನ, ಒಣಗಿ ಚರ್ಮದಂತಾದ ಏನೋ ಒಂದು. ಮೊದಲು ಇಲಿ ಎಂದುಕೊಂಡು ಕಿರುಚಿದೆ. ಬಾಲ ಇಲ್ಲ, ಕಾಲು ಇಲ್ಲ. ಕೂದಲೆಲ್ಲ ಮೇಣ ಹಚ್ಚಿದ ಹಾಗೆ ಅಂಟಿಕೊಂಡಿದೆ. ಆ ವಾಸನೆ, ದೇವರೇ, ಕಣ್ಣಲ್ಲಿ ನೀರು ಬಂತು. ಹೆಂಡತಿ ಬಾಗಿಲು ಹಾಕಿಕೊಂಡು ಕಿಟಕಿಯಿಂದ ನೋಡುತ್ತಿದ್ದಾಳೆ. ಇದು ಏನು ಗೌಡರೇ?

ಅಲೆಘೆನಿಗೌಡ
ಹೋತ ಎಂದಾಗಲೇ ನನಗೆ ಅನುಮಾನ ಬಂದಿತ್ತು. ಅದು ಗಂಡು ಜಿಂಕೆಯ ಹಿಂಗಾಲಿನ ಗ್ರಂಥಿ. ಬಿಳಿ ಬಾಲದ ಜಿಂಕೆಗೆ ಹಿಂಗಾಲಿನ ಮಂಡಿಯ ಒಳಬದಿಗೆ ಒಂದು ಕೂದಲಿನ ಕುಚ್ಚು ಇರುತ್ತದೆ. ಅಲ್ಲಿ ಜಿಡ್ಡು ಒಸರುತ್ತದೆ. ಬೆದೆಯ ಕಾಲದಲ್ಲಿ ಗಂಡು ಎರಡೂ ಕಾಲನ್ನು ಜೋಡಿಸಿ ಅದರ ಮೇಲೆ ತಾನೇ ಉಚ್ಚೆ ಹೊಯ್ದು ಉಜ್ಜಿಕೊಳ್ಳುತ್ತದೆ. ಜಿಡ್ಡಿನಲ್ಲಿ ಉಚ್ಚೆ ಹಿಡಿದು, ಬ್ಯಾಕ್ಟೀರಿಯಾ ಬೆಳೆದು, ಕೂದಲು ಕಪ್ಪಾಗುತ್ತದೆ. ಅದು ಅವುಗಳ ವಿಳಾಸದ ಚೀಟಿ ಇದ್ದಂತೆ. ಕೆಲವು ಬೇಟೆಗಾರರು ಸತ್ತ ಜಿಂಕೆಯಿಂದ ಅದನ್ನು ಕತ್ತರಿಸಿ ಇಟ್ಟುಕೊಂಡು ಮರಕ್ಕೆ ನೇತು ಹಾಕುತ್ತಾರೆ, ಬೇರೆ ಗಂಡುಗಳು ವಾಸನೆಗೆ ಬರಲಿ ಎಂದು. ನಿಮಗೆ ಬ್ಯಾಗು ಮಾರಿದವನು ಮರೆತು ಬಿಟ್ಟಿದ್ದಾನೆ. ನಾಲ್ಕು ತಿಂಗಳಿನಿಂದ ನೀವು ನಿಮ್ಮ ಹೆಣ್ಣು ಜಿಂಕೆಯನ್ನು ಸುಮ್ಮನೆ ದೂರುತ್ತಿದ್ದಿರಿ.

ಹಾಗೆಯೇ ನೀವು ಅದನ್ನು ಬೆನ್ನಿಗೆ ಕಟ್ಟಿಕೊಂಡೇ ಕಾಡಿನಲ್ಲಿ ಕೂತಿದ್ದಿರಿ. ಮೊದಲ ಸಲಕ್ಕೇ ಜಿಂಕೆ ಹತ್ತಿರ ಬಂದದ್ದು ನಿಮ್ಮ ಕೌಶಲ ಎಂದು ಕಚೇರಿಯಲ್ಲಿ ಹೇಳಿಕೊಂಡಿದ್ದರೆ ಈಗ ಸ್ವಲ್ಪ ತಿದ್ದಿಕೊಳ್ಳಿ.

ಮಂಜುಗಡ್ಡೆಕೆರೆ
ಹೇಳಿಕೊಂಡಿದ್ದೇನೆ. ತಿದ್ದಿಕೊಳ್ಳುವುದಿಲ್ಲ.

ರಸಾಯನಮೇಷ್ಟ್ರು
ಜಿಡ್ಡು ಮತ್ತು ಉಚ್ಚೆ ಎರಡೂ ಇದ್ದರೆ ಮದ್ದೂ ಎರಡು, ಆದರೆ ಒಂದರ ನಂತರ ಒಂದು, ಒಟ್ಟಿಗಲ್ಲ. ಮೊದಲು ಪಾತ್ರೆ ಸೋಪು ಮತ್ತು ಬೆಚ್ಚಗಿನ ನೀರು, ಜಿಡ್ಡು ಬಿಡಿಸಲು. ಈಗ ರಕ್ತ ಹೋಗಿದೆಯಾದ್ದರಿಂದ ಬೆಚ್ಚಗಿನ ನೀರಿಗೆ ಹೆದರಬೇಕಿಲ್ಲ. ಚೆನ್ನಾಗಿ ಜಾಲಿಸಿ. ನಂತರ ಕಿಣ್ವ ಇರುವ ದ್ರಾವಣ, ಸಾಕುಪ್ರಾಣಿಗಳ ಅಂಗಡಿಯಲ್ಲಿ ಬೆಕ್ಕು ನಾಯಿಗಳ ಉಚ್ಚೆ ಕಲೆಗೆ ಮಾರುತ್ತಾರಲ್ಲ, ಅದೇ. ಆ ಕಿಣ್ವಗಳಿಗೆ ಹೊತ್ತು ಬೇಕು. ಸಿಂಪಡಿಸಿ ಐದು ನಿಮಿಷಕ್ಕೆ ಒರೆಸಿದರೆ ದುಡ್ಡು ದಂಡ. ಒದ್ದೆಯಾಗಿಯೇ ಒಂದು ರಾತ್ರಿ ಪ್ಲಾಸ್ಟಿಕ್ ಮುಚ್ಚಿಡಿ. ಕೊನೆಯ ನೀರಿಗೆ ಒಂದು ಲೋಟ ವಿನೆಗರ್, ಉಳಿದ ಅಮೋನಿಯಾಕ್ಕೆ.

ಬ್ಲೀಚು ಮಾತ್ರ ಬೇಡ. ನೈಲಾನ್ ಹಾಳಾಗುತ್ತದೆ ಎಂಬುದು ಸಣ್ಣ ಕಾರಣ. ಉಚ್ಚೆಯ ಅಮೋನಿಯಾದ ಜೊತೆ ಬ್ಲೀಚು ಸೇರಿದರೆ ವಿಷದ ಗಾಳಿ ಬರುತ್ತದೆ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್. ಮುಚ್ಚಿದ ಬಚ್ಚಲಿನಲ್ಲಿ ಇದು ತಮಾಷೆಯ ಮಾತಲ್ಲ.

ಅಲೆಘೆನಿಗೌಡ
ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಆ ಗ್ರಂಥಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಿತ್ತಲಿನಲ್ಲಿ ಹೂಳಬೇಡಿ, ನಾಯಿಗೂ ಕೊಡಬೇಡಿ. ನಿಮ್ಮ ರಾಜ್ಯದಲ್ಲಿ ಜಿಂಕೆಗಳಿಗೆ ಮಿದುಳು ಕ್ಷಯಿಸುವ ಕಾಯಿಲೆ ಇದೆ, 2002ರಲ್ಲಿ ಮ್ಯಾಡಿಸನ್ ಸಮೀಪದ ಮೌಂಟ್ ಹೋರೆಬ್ ಹತ್ತಿರ ಮೊದಲು ಸಿಕ್ಕಿತು. ಅದನ್ನು ತರುವುದು ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್, ಬೇಯಿಸಿದರೂ ಹೋಗುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ, ಆದರೂ ಜಾಗ್ರತೆ. ಜಿಂಕೆಯ ಉಚ್ಚೆಯನ್ನು ಆಕರ್ಷಣೆಗೆ ಬಳಸುವುದನ್ನು ವರ್ಜೀನಿಯಾ, ವರ್ಮಾಂಟ್ ರಾಜ್ಯಗಳು ನಿಷೇಧಿಸಿದ್ದು ಇದೇ ಕಾರಣಕ್ಕೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಿ. ನಿಮ್ಮ ಜಿಂಕೆಯ ಮಾದರಿಯನ್ನು ಪರೀಕ್ಷೆಗೆ ಕೊಟ್ಟಿದ್ದಿರಿ ತಾನೇ?

ಮಂಜುಗಡ್ಡೆಕೆರೆ
ಕೊಟ್ಟಿದ್ದೆ. ಫಲಿತಾಂಶ ಬಂದ ಮೇಲೆಯೇ ತಿಂದೆವು. ಸಹೋದ್ಯೋಗಿ ಮೊದಲೇ ಹೇಳಿದ್ದ.

ಅಲೆಘೆನಿಗೌಡ
ಒಳ್ಳೆಯದಾಯಿತು. ಇನ್ನೊಂದು. ಮುಂದಿನ ಸೀಸನ್ನಿಗೂ ಅದೇ ಬ್ಯಾಗು ಒಯ್ಯುವುದಾದರೆ ಕೊನೆಯ ಒಗೆತಕ್ಕೆ ಸುವಾಸನೆ ಇಲ್ಲದ ಸೋಪು ಬಳಸಿ. ಮಲ್ಲಿಗೆಯ ಪರಿಮಳದ ಬ್ಯಾಗು ಹೊತ್ತುಕೊಂಡು ಹೋದರೆ ಜಿಂಕೆಯ ಬಾಲ ಮಾತ್ರ ಕಾಣುತ್ತದೆ. ಬಟ್ಟೆಯನ್ನು ಬೆಳ್ಳಗೆ ಹೊಳೆಸುವ ಪುಡಿಯೂ ಬೇಡ. ಜಿಂಕೆಗೆ ಕಿತ್ತಳೆ ಬಣ್ಣ ತಿಳಿಯುವುದಿಲ್ಲ, ನೀಲಿಯ ಕಡೆಯ ಹೊಳಪು ಚೆನ್ನಾಗಿ ತಿಳಿಯುತ್ತದೆ. ಆದರೆ ನಿಜ ಹೇಳಬೇಕೆಂದರೆ ಸೋಪಿಗಿಂತ ಗಾಳಿಯ ದಿಕ್ಕು ದೊಡ್ಡದು. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿರಬೇಕು.

ಸೋಮವಾರಪೇಟೆಕಾಫಿ
ಅಜ್ಜ ಹೇಳುತ್ತಿದ್ದದ್ದೂ ಅದೇ. ಒಣ ಬೂದಿಯನ್ನು ಚಿಟಿಕೆ ಹಿಡಿದು ಗಾಳಿಗೆ ಬಿಟ್ಟು ನೋಡುತ್ತಿದ್ದರಂತೆ. ಆದರೆ ಬೀಡಿ ಮಾತ್ರ ಬಿಡಲಿಲ್ಲ.

ಕಾಡುನೆಂಟ
ನಾನು ಮತ್ತೆ ವಾದಕ್ಕೆ ಬಂದಿಲ್ಲ. ಹೊಸ ಎಳೆ ತೆರೆದಿದ್ದೇನೆ. ಆದರೆ ಕಾಲು ಜೋಡಿಸಿ ಉಜ್ಜಿಕೊಳ್ಳುವ ಆ ವಿಷಯ ಸ್ವಾರಸ್ಯವಾಗಿತ್ತು, ನಮ್ಮ ಚುಕ್ಕೆ ಜಿಂಕೆಗೂ ಹೀಗೆ ಇದೆಯೇ ಎಂದು ತಿಳಿದವರು ಅಲ್ಲಿ ಬರೆಯಿರಿ.

ಬೆಟ್ಟಬಿದ್ದವ
ಸರಿ, ಸೋತೆ. ಆದರೆ ಸೋಮವಾರಪೇಟೆ ಅಕ್ಕನ ಬ್ಯಾಗಿನಲ್ಲಿ ಗೆದ್ದೆ. ಒಂದಕ್ಕೊಂದು ಸಮ.

ಸೋಮವಾರಪೇಟೆಕಾಫಿ
ಗೆದ್ದಿದ್ದೀರಿ. ನಿನ್ನೆ ತಿಕ್ಕಿದೆ, ಲೇಪ ಬಿಳಿ ಪೊರೆಯಂತೆ ಎದ್ದು ಬಂತು, ಅರ್ಧ ಬಕೆಟ್ ಆಯಿತು. ವಾಸನೆ ಮುಕ್ಕಾಲು ಹೋಗಿದೆ. ಮಗನಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಅವನು "ಯಾವ ಬ್ಯಾಗು?" ಎಂದು ಕೇಳಿದ.

ಮಂಜುಗಡ್ಡೆಕೆರೆ
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೇಷ್ಟ್ರು ಹೇಳಿದ ಕ್ರಮದಲ್ಲೇ ಮಾಡಿದೆ. ಮಳೆಕವಚವನ್ನು ಬಿಸಾಡಿದೆ, ಅದು ಉಳಿಯುವ ಸ್ಥಿತಿಯಲ್ಲಿರಲಿಲ್ಲ. ತಳದ ಜೇಬನ್ನು ಸೋಪು ಹಾಕಿ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಹೊಲಿಗೆ ಹೊಲಿಗೆಯನ್ನೂ ಉಜ್ಜಿದೆ. ಕಿಣ್ವದ ದ್ರಾವಣ ಎರಡು ರಾತ್ರಿ. ನಿನ್ನೆ ಹೀಟರಿನ ಪಕ್ಕ ಇಟ್ಟು ಪರೀಕ್ಷೆ ಮಾಡಿದೆ, ಬೆಚ್ಚಗಾದರೂ ಏನೂ ಬರಲಿಲ್ಲ. ಹೆಂಡತಿ ಒಂದಡಿ ದೂರದಿಂದ ಮೂಸಿ "ಪರವಾಗಿಲ್ಲ" ಎಂದಳು. ನಾಯಿ ಒಮ್ಮೆ ಬಂದು ನೋಡಿ, ಬೇಸರದಿಂದ ತನ್ನ ಮನೆಗೆ ಹೋಯಿತು.

ಒಂದೇ ಸಮಸ್ಯೆ ಉಳಿದಿದೆ. ಆ ಎರಡು ದಿನ ಬ್ಯಾಗು ಕಾರಿನ ಡಿಕ್ಕಿಯಲ್ಲಿತ್ತಲ್ಲ. ಇಲ್ಲಿ ನಿನ್ನೆಯಿಂದ ಬಿಸಿಲು ಬಂದಿದೆ.

ಹೊಲಿಗೆಯಂತ್ರ
ಡಿಕ್ಕಿಯ ತಳದ ಚಾಪೆ ತೆಗೆಯಿರಿ. ಅದರ ಅಡಿಯಲ್ಲೂ ಸ್ಪಂಜು ಇರುತ್ತದೆ.

ಮಿರ್ಚಿಗಿರ್ಮಿಟ್
ಕಾರನ್ನು ಮಾರಿಬಿಡಿ. ಕೊಂಡವರು ಇಲ್ಲಿಗೇ ಬಂದು ಕೇಳುತ್ತಾರೆ.